ಐದನೇ ಸೂಜಿ

ಹೋದ ತಿಂಗಳು ಅತ್ತೆಯವರ ಟ್ರಂಕು ತೆಗೆದೆ. ಮುಚ್ಚಳ ಎತ್ತಿದ ಕೂಡಲೇ ಕಮಟು ಹಿಡಿದ ಕೊಬ್ಬರಿಯ ವಾಸನೆ ಬಂತು. ಹಳೆ ಸೀರೆಗಳ ಚೂರುಗಳನ್ನು ಕಟ್ಟಿಟ್ಟ ಒಂದು ಗಂಟು, ಅದರ ಮೇಲೆ ಒಣಗಿ ಕಪ್ಪಾದ ಒಂದು ಕೊಬ್ಬರಿ ಗಿಟುಕು. ಗಿಟುಕಿನಲ್ಲಿ ಐದು ಸೂಜಿಗಳು ಚುಚ್ಚಿದ್ದವು. ಅತ್ತೆ ತೀರಿಕೊಂಡು ನಾಲ್ಕು ವರ್ಷವಾದರೂ ಆ ಟ್ರಂಕನ್ನು ನಾನು ಮುಟ್ಟಿರಲಿಲ್ಲ. ಬಿಡುವಾಗಲಿಲ್ಲ ಎಂದು ಕೇಳಿದವರಿಗೆ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಧೈರ್ಯವಿರಲಿಲ್ಲ. ಸೊರಬದಿಂದ ನಾದಿನಿ ರೇಖಾಳಿಗೆ ಎರಡನೇ ಹೆರಿಗೆಯಾಯಿತು, ಗಂಡು ಕೂಸು, ಎಂದು ಫೋನು ಬಂದ ಮೇಲೆ ತೆಗೆಯಲೇಬೇಕಾಯಿತು.

ಆ ವಾಸನೆಗೆ ಆರು ವರ್ಷದ ಹಿಂದಿನ ಒಂದು ಶ್ರಾವಣ ಅಂಟಿಕೊಂಡಿದೆ. ರೇಖಾ ಮೊದಲ ಹೆರಿಗೆಗೆ ತವರಿಗೆ, ಅಂದರೆ ನಮ್ಮ ಮನೆಗೆ, ಬಂದಿದ್ದ ಶ್ರಾವಣ ಅದು. ನಮ್ಮೂರು ಬಳ್ಳಿಗಾವಿಯ ಆಚೆ, ಶಿಕಾರಿಪುರ ತಾಲ್ಲೂಕಿನದೇ. ಮನೆಯವರದು ನಾಲ್ಕು ಎಕರೆ ಮೆಕ್ಕೆಜೋಳ, ಹಿತ್ತಲಲ್ಲಿ ಮೂವತ್ತು ನಲವತ್ತು ಕುರಿ. ನಾನು ಶಿಕಾರಿಪುರದ ಒಂದು ಶಾಲೆಯಲ್ಲಿ ಗಣಿತದ ಟೀಚರು. ದಿನಾ ಎಂಟೂವರೆ ಬಸ್ಸಿಗೆ ಹೋಗಿ ಸಂಜೆ ಬರುವವಳು. ಸುಳ್ಳು ಹೇಳಿ ಸಿಕ್ಕಿಬಿದ್ದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವುದರಲ್ಲಿ ನನ್ನ ಹೆಸರು ದೊಡ್ಡದು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಅತ್ತೆ ಕೌದಿ ಹೊಲಿಯುವವರು. ಊರಲ್ಲಿ ಅವರ ಕೌದಿಯ ಮೇಲೆ ಮಲಗದೆ ಬೆಳೆದ ಮಕ್ಕಳು ಕಡಿಮೆ. ನನ್ನ ಮಗಳು ಹಾಸ್ಟೆಲಿಗೆ ಹೋಗುವಾಗ ಹೊಸ ರಗ್ಗು ಬೇಡ, ಅಜ್ಜಿ ಹೊಲಿದ ಕೌದಿಯೇ ಬೇಕು ಎಂದು ಹಟ ಹಿಡಿದು ತೆಗೆದುಕೊಂಡು ಹೋಗಿದ್ದಳು. ಅತ್ತೆಯ ಕೆಲಸಕ್ಕೆ ಅವರದೇ ಕಟ್ಟುಪಾಡುಗಳಿದ್ದವು. ಕೂಸಿನ ಕೌದಿಗೆ ಹೊಸ ಬಟ್ಟೆ ಕೂಡದು. ಮನೆಯವರು ಉಟ್ಟು, ತೊಟ್ಟು, ಒಗೆದು ಮೆತ್ತಗಾದ ಬಟ್ಟೆಯೇ ಆಗಬೇಕು. ಹೆರಿಗೆಗೆ ಮುಂಚೆ ಒಂದು ಟಾಕೂ ಹಾಕಬಾರದು. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತು ಸುತ್ತಾಗಿ ನಡುವಿಗೆ ಬರಬೇಕು. ನಡುವಿನಲ್ಲಿ ಬೆರಳು ಹೋಗುವಷ್ಟು ಬಾಯಿ ಉಳಿದಾಗ ಅದರೊಳಗೆ ನಾಲ್ಕು ಕಾಳು ಅಕ್ಕಿ ಹಾಕಿ ಮುಚ್ಚಬೇಕು. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಿದ್ದರು ಅದಕ್ಕೆ. ಅದರ ಮೇಲೆ ಮಲಗಿದ ಕೂಸು ಹಸಿಯಬಾರದು ಎಂದು.

ಎಲ್ಲಕ್ಕಿಂತ ಬಿಗಿ ಸೂಜಿಯ ವಿಚಾರದಲ್ಲಿ. ಐದು ಸೂಜಿ, ಉದ್ದನೆಯವು. ತುಕ್ಕು ಹಿಡಿಯದಿರಲೆಂದು ಕೊಬ್ಬರಿ ಗಿಟುಕಿಗೆ ಚುಚ್ಚಿ ಗೋಡೆಯ ಗೂಡಿನಲ್ಲಿಡುತ್ತಿದ್ದರು. ಯುಗಾದಿಗೊಮ್ಮೆ ಗಿಟುಕು ಬದಲಾಗುತ್ತಿತ್ತು. ಕೂಸಿನ ಕೌದಿ ನಡೆಯುವಾಗ ಆ ಸೂಜಿಗಳನ್ನು ಮನೆಯಲ್ಲಿ ಬೇರೆ ಯಾರೂ ಯಾವ ಕೆಲಸಕ್ಕೂ ಮುಟ್ಟುವ ಹಾಗಿಲ್ಲ. ಕೌದಿ ಮುಗಿದ ದಿನ ನಾಲ್ಕು ಜನರ ಮುಂದೆ ಗಿಟುಕು ಹಿಡಿದು, ಸೂಜಿಗಳ ಮೇಲೆ ಬೆರಳಾಡಿಸಿ ಎಣಿಸಿ, "ಐದು ಹೋಗಿದ್ವು, ಐದು ಬಂದ್ವು" ಎನ್ನುತ್ತಿದ್ದರು. ಆಮೇಲೆಯೇ ಕೂಸನ್ನು ಅದರ ಮೇಲೆ ಹಾಕುವುದು. ಎಣಿಕೆಯಲ್ಲಿ ಅವರು ಒಮ್ಮೆಯೂ ತಪ್ಪಿದವರಲ್ಲ. ಗಣಿತದ ಟೀಚರು ನಾನಾದರೂ ಮನೆಯಲ್ಲಿ ಕುರಿ ಎಣಿಸುವುದು ಅವರೇ.

ಕೂಸು ಹುಟ್ಟಿದ್ದು ಜಿಟಿಜಿಟಿ ಮಳೆ ಹಿಡಿದಿದ್ದ ಒಂದು ಸೋಮವಾರ, ಎರಡು ವಾರ ಮುಂಚೆಯೇ. ಹೆಣ್ಣು ಮಗು, ತೂಕ ಕಡಿಮೆ. ಬೆರಳುಗಳು ಕಡ್ಡಿಯ ಹಾಗೆ. ಮೂರು ದಿನದ ಮೇಲೆ ಆಸ್ಪತ್ರೆಯಿಂದ ಬಂದ ದಿನವೇ ಅತ್ತೆ ಗಂಟು ಬಿಚ್ಚಿ ಕುಳಿತರು. ತೀರಿಹೋದ ಮಾವನವರ ಪಂಚೆ ಅಡಿಗೆ. ಮೇಲಕ್ಕೆ ತಮ್ಮ ಕಂದುಬಣ್ಣದ ಸೀರೆ, ನಾನು ಮದುವೆಯಾಗಿ ಬಂದ ವರ್ಷ ಉಟ್ಟ ಹಸಿರು ಸೀರೆ, ರೇಖಾ ಶಾಲೆಗೆ ಹಾಕುತ್ತಿದ್ದ ನೀಲಿ ಲಂಗ.

"ಸಣ್ಣ ಕೂಸು. ಟಾಕು ಇನ್ನೂ ಸಣ್ಣದಾಗ್ಬೇಕು. ಗಂಟು ಹತ್ಬಾರ್ದು ಮೈಗೆ" ಎಂದರು.

"ಅವ್ವ, ಕಣ್ಣು ಕಾಣ್ತಾವಾ ನಿನಗೆ?" ರೇಖಾ ಮಲಗಿದಲ್ಲಿಂದ ಕೇಳಿದಳು.

"ಕಣ್ಣು ಯಾರಿಗೆ ಬೇಕೇ? ಬೆರಳು ಅದಾವಲ್ಲ" ಎಂದು ನಕ್ಕರು.

ಆಗ ಅವರಿಗೆ ಎಪ್ಪತ್ತರ ಹತ್ತಿರ. ಒಂದು ಕಣ್ಣಿಗೆ ಪೊರೆ ಬಂದಿತ್ತು. ಆದರೂ ಕೂಸಿಗೆ ಎರೆಯುವುದು ಅವರೇ. ಬಚ್ಚಲಿನ ಮಣೆಯ ಮೇಲೆ ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿ, ಮೊಣಕೈಗೆ ನೀರು ಮುಟ್ಟಿಸಿ ಬಿಸಿ ನೋಡಿ ಹುಯ್ಯುವರು. ಆಮೇಲೆ ಕೆಂಡಕ್ಕೆ ಲೋಬಾನ ಹಾಕಿ ಹೊಗೆ ಕೊಟ್ಟು, ಕೂಸನ್ನು ಸುತ್ತಿ ರೇಖಾಳ ಮಗ್ಗುಲಿಗೆ ಹಾಕಿ, ಪಡಸಾಲೆಯ ಬಾಗಿಲಿಗೆ ಬೆಳಕು ನೋಡಿಕೊಂಡು ಕೌದಿ ಹಿಡಿದು ಕೂರುವರು. ಮಳೆಗೆ ಬಟ್ಟೆ ಒಣಗದೆ ಮನೆಯೆಲ್ಲ ತೇವ, ಹಿತ್ತಲಲ್ಲಿ ಕುರಿಗಳ ಕೆಮ್ಮು. ಆ ದಿನಗಳಲ್ಲಿ ಅತ್ತೆಯ ಮುಖದಲ್ಲಿ ಇದ್ದ ಕಳೆ ನಾನು ಮೊದಲು ನೋಡಿರಲಿಲ್ಲ. ಮಗಳ ಮಗು ಎನ್ನುವುದು ಅವರಿಗೆ ಹೊಸ ವಯಸ್ಸು ತಂದುಕೊಟ್ಟಿತ್ತು.

ಕೂಸು ಹುಟ್ಟಿದ ಹನ್ನೊಂದನೇ ದಿನ ಬೆಳಿಗ್ಗೆ ನನ್ನ ರವಿಕೆಯ ಹುಕ್ಕು ಕಿತ್ತುಬಂತು. ಆಗಲೇ ಎಂಟೂ ಇಪ್ಪತ್ತು. ನನ್ನ ಹೊಲಿಗೆ ಡಬ್ಬಿಯ ಸೂಜಿಗಳು ತುಕ್ಕು ಹಿಡಿದು ಬಟ್ಟೆಯೊಳಗೆ ಹೋಗುತ್ತಿರಲಿಲ್ಲ. ಅತ್ತೆ ಬಚ್ಚಲಲ್ಲಿ ಕೂಸಿಗೆ ಎರೆಯುತ್ತಿದ್ದರು. ಗೂಡಿನಲ್ಲಿ ಗಿಟುಕಿತ್ತು. ಒಂದು ಸೂಜಿ ಎಳೆದುಕೊಂಡು, ಮೈಮೇಲೆಯೇ ರವಿಕೆಗೆ ನಾಲ್ಕು ಟಾಕು ಹಾಕಿ, ದಾರ ಹಲ್ಲಲ್ಲಿ ಕಚ್ಚಿ ತುಂಡು ಮಾಡಿದೆ. ಅಷ್ಟರಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಬ್ಯಾಗು, ಓಡಿದೆ. ಸೂಜಿಯನ್ನು ಗಿಟುಕಿಗೆ ಚುಚ್ಚಿದೆ ಎಂದೇ ನನ್ನ ಲೆಕ್ಕ. ಬಸ್ಸಿನಲ್ಲಿ ಒಮ್ಮೆ ಅನುಮಾನ ಬಂತು. ಚುಚ್ಚಿದೆನಲ್ಲ, ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆ ಬರುವಷ್ಟರಲ್ಲಿ ಮರೆತೇ ಹೋಗಿತ್ತು.

ಮರುದಿನವೂ ಅತ್ತೆ ಹೊಲಿದರು. ಕೊನೆಯ ಸುತ್ತುಗಳಿಗೆ ಒಂದೋ ಎರಡೋ ಸೂಜಿ ಸಾಕಲ್ಲ, ಅವರಿಗೂ ಗೊತ್ತಾಗಲಿಲ್ಲ.

ಹದಿಮೂರನೇ ದಿನ ತೊಟ್ಟಿಲಿಗೆ ಹಾಕುವ ಶಾಸ್ತ್ರ. ಸೊರಬದಿಂದ ರೇಖಾಳ ಗಂಡ, ಅವಳ ಅತ್ತೆ, ಇನ್ನೂ ನಾಲ್ಕೈದು ಜನ ಮಳೆಯಲ್ಲೇ ಬಂದರು. ರೇಖಾಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ಮಾತಿನಲ್ಲಿ ಮೆತ್ತಗೆ, ಕಣ್ಣಿನಲ್ಲಿ ಚುರುಕು. ಕೂಸಿಗೆಂದು ಗುಲಾಬಿ ಬಣ್ಣದ ಜೂಲುಜೂಲಿನ ಒಂದು ಬ್ಲಾಂಕೆಟ್ಟು ತಂದಿದ್ದರು. ಅತ್ತೆ ಅದನ್ನು ಮುಟ್ಟಿ ನೋಡಿ, ಚೆನ್ನಾಗೈತೆ ಎಂದು ಪಕ್ಕಕ್ಕಿಟ್ಟರು. ಆಮೇಲೆ ಕೌದಿ ತಂದು ಹಾಸಿ, ಎಲ್ಲರೂ ನೋಡುತ್ತಿದ್ದಂತೆ ನಡುವಿನ ಬಾಯಿಗೆ ಅಕ್ಕಿಕಾಳು ಹಾಕಿ ಮುಚ್ಚಿದರು. ಗಿಟುಕು ಎತ್ತಿಕೊಂಡು, ಕೈಲಿದ್ದ ಸೂಜಿಯನ್ನೂ ಅದಕ್ಕೆ ಚುಚ್ಚಿ, ಬೆರಳಾಡಿಸಿದರು. ಮತ್ತೆ ಆಡಿಸಿದರು.

"ನಾಕು" ಎಂದರು.

ಅವರು ನಾಲ್ಕು ಎಂದ ಮೇಲೆ ಇನ್ನೊಬ್ಬರು ಎಣಿಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಎಲ್ಲರ ಕಣ್ಣೂ ಕೌದಿಯ ಮೇಲೆ ಹೋಯಿತು. ಬೀಗಿತ್ತಿ ತೊಡೆಯ ಮೇಲಿದ್ದ ಕೂಸನ್ನು ಎದೆಗೆ ಒತ್ತಿಕೊಂಡರು.

"ಯಾರಾದ್ರೂ ಸೂಜಿ ಮುಟ್ಟಿದ್ರಾ?" ಅತ್ತೆ ಕೇಳಿದರು. ಕೇಳುವಾಗ ನನ್ನ ಕಡೆಗೇ ನೋಡಿದರು, ಮನೆಯಲ್ಲಿ ಓಡಾಡುವ ಹೆಂಗಸು ನಾನೊಬ್ಬಳೇ ತಾನೆ.

"ಇಲ್ಲ ಅತ್ತೆ" ಎಂದೆ.

ಯೋಚನೆ ಮಾಡಿ ಹೇಳಿದ್ದಲ್ಲ. ಸೊರಬದವರ ಮುಂದೆ, ಶಾಸ್ತ್ರದ ದಿನ, ಕೂಸಿನ ಕೌದಿಯ ಸೂಜಿಯಿಂದ ರವಿಕೆ ಹೊಲಿದುಕೊಂಡೆ ಎಂದು ಹೇಳಲು ನಾಲಿಗೆ ಹೊರಳಲಿಲ್ಲ. ನಾನು ತಿರುಗಿ ಚುಚ್ಚಿದ್ದೇನೆ, ಹಾಗಾಗಿ ಇದು ಬೇರೆ ಸೂಜಿಯೇ ಇರಬೇಕು ಎಂಬ ಒಂದು ಸಮಾಧಾನವೂ ಒಳಗೆ ಸಿದ್ಧವಾಗಿತ್ತು. ತರಗತಿಯಲ್ಲಿ ಇಂಥ ಸಮಾಧಾನ ಹೇಳಿದ ಎಷ್ಟು ಮಕ್ಕಳನ್ನು ನಾನು ಬೈದಿಲ್ಲ.

ಅತ್ತೆ ಮಂಡಿಯೂರಿ ಕುಳಿತು ಕೌದಿಯನ್ನು ಗೇಣು ಗೇಣಾಗಿ ಅಂಗೈಯಲ್ಲಿ ಒತ್ತಿ ನೋಡಿದರು. ಏನೂ ಸಿಗಲಿಲ್ಲ. ನಮ್ಮನೆಯವರು ಕೆಟ್ಟುಹೋದ ಟೇಪ್‌ರೆಕಾರ್ಡರಿನ ಸ್ಪೀಕರಿನಿಂದ ಅಯಸ್ಕಾಂತ ಕಿತ್ತು ತಂದು ಮೇಲೆಲ್ಲ ಆಡಿಸಿದರು. ಅದಕ್ಕೂ ಏನೂ ಅಂಟಲಿಲ್ಲ.

"ದಪ್ಪ ಐತಲ್ಲ, ಒಳಗಿದ್ರೆ ಎಳೆಯೋದಿಲ್ಲೇನೋ" ಎಂದರು.

"ವಯಸ್ಸಾತು ಕಣ್ರೀ. ಎಂತ ಮಾಡದು, ಕಣ್ಣು ಮಂಜಾದ್ಮೇಲೆ ಹಿಂಗೇ" ಎಂದರು ಬೀಗಿತ್ತಿ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಕೂಸನ್ನು ಬಿಗಿಯಾಗಿ ಹಿಡಿದಿದ್ದ ಕೈ ಸಡಿಲಿಸಲಿಲ್ಲ.

ರೇಖಾ ಅಳತೊಡಗಿದಳು. "ಕಣ್ಣು ಕಾಣ್ತಾವಾ ಅಂತ ನಾನು ಮೊದ್ಲೇ ಕೇಳಿದ್ನಲ್ಲ ಅವ್ವ? ನನ್ನ ಕೂಸಿಗೆ ಚುಚ್ಚಿದ್ರೆ ಏನು ಮಾಡ್ಬೇಕಿತ್ತು?"

ಅತ್ತೆ ಕೌದಿಯನ್ನು ಮಡಚಿ ಎತ್ತಿಕೊಂಡರು. ಸೊರಬದವರು ಗುಲಾಬಿ ಬ್ಲಾಂಕೆಟ್ಟು ಹಾಸಿ ಕೂಸನ್ನು ತೊಟ್ಟಿಲಿಗೆ ಹಾಕಿದರು, ಹೆಸರಿಟ್ಟರು, ಸಿಹಿ ಹಂಚಿದರು. ಪಡಸಾಲೆಯಲ್ಲಿ ಊಟ ನಡೆಯುವಾಗ ಅತ್ತೆ ಒಳಗಿನ ಕೋಣೆಯಲ್ಲಿ ಬ್ಲೇಡು ಹಿಡಿದು ಕೌದಿ ಬಿಚ್ಚುತ್ತಿದ್ದರು. ನಾನು ಸಹಾಯಕ್ಕೆ ಹೋದೆ. "ಬ್ಯಾಡ, ನೀನು ಬಡಿಸು ಹೋಗು" ಎಂದರು. ನಡುವಿನಿಂದ ಶುರುಮಾಡಿ ಅಂಚಿನವರೆಗೆ, ಹಾಕಿದ್ದಕ್ಕೆ ತಿರುಗುಮುರುಗಾಗಿ, ಒಂದೊಂದೇ ಸುತ್ತು ಬಿಚ್ಚಿದರು. ಹತ್ತು ದಿನದ ಕೆಲಸ ಒಂದು ಮಧ್ಯಾಹ್ನಕ್ಕೆ ಮುಗಿಯಿತು. ಸೂಜಿ ಸಿಗಲಿಲ್ಲ. ಸಿಕ್ಕಿದ್ದರೆ ಅವರ ಮನಸ್ಸು ನಿಲ್ಲುತ್ತಿತ್ತೇನೋ. ಚೂರುಗಳನ್ನೆಲ್ಲ ಗಂಟು ಕಟ್ಟಿ, ಗಿಟುಕನ್ನು ಅದರ ಮೇಲಿಟ್ಟು ಟ್ರಂಕಿಗೆ ಹಾಕಿ ಚಿಲಕ ಹಾಕಿದರು.

ಆಮೇಲಿನ ದಿನಗಳಲ್ಲಿ ಆ ಅಯಸ್ಕಾಂತಕ್ಕೆ ದಾರ ಕಟ್ಟಿಕೊಂಡು ಮನೆಯ ಮೂಲೆಮೂಲೆ ಎಳೆದುಕೊಂಡು ತಿರುಗುತ್ತಿದ್ದರು. ಗುಂಡುಪಿನ್ನು, ಮುರಿದ ಮೊಳೆ, ನನ್ನ ಕಳೆದುಹೋಗಿದ್ದ ಹೇರ್‌ಪಿನ್ನು, ಎಲ್ಲ ಸಿಕ್ಕವು. "ಕೂಸು ಹೊರಳಾಡೋ ಹೊತ್ತಿಗೆ ಸಿಕ್ರೆ ಸಾಕಪ್ಪ" ಎನ್ನುತ್ತಿದ್ದರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಆದರೂ ನೋಡುತ್ತಿದ್ದೆ.

ಗಣಪತಿ ಹಬ್ಬವಾದ ಮರುವಾರ, ಶಾಲೆಯಿಂದ ಬರುವಾಗ ಬಸ್ಸಿನಲ್ಲಿ ನಿಲ್ಲಲು ಜಾಗವಿಲ್ಲದೆ ಬ್ಯಾಗನ್ನು ಎದೆಗೆ ಒತ್ತಿಕೊಂಡಿದ್ದೆ. ಹೆಗಲಿಗೆ ಏನೋ ಚುಚ್ಚಿತು. ಬ್ಯಾಗಿನ ಬೆಲ್ಟಿನ ಒಳಗಿದ್ದ ಸ್ಪಂಜಿನಿಂದ ಉದ್ದನೆಯ ಸೂಜಿಯ ಮೊನೆ ಹೊರಬಂದಿತ್ತು. ಅವತ್ತು ಓಡುವ ಅವಸರದಲ್ಲಿ ಗಿಟುಕಿಗೆ ಬದಲು ಕೈಯಲ್ಲಿದ್ದ ಬ್ಯಾಗಿಗೇ ಚುಚ್ಚಿಕೊಂಡು ಹೋಗಿದ್ದೆ. ಶಿರಾಳಕೊಪ್ಪದ ಸರ್ಕಲ್ಲಿನಲ್ಲಿ ಬಸ್ಸು ನಿಂತಿತ್ತು. ಇಳಿದು ಅಲ್ಲೇ ಎಸೆದುಬಿಡೋಣ ಎಂದೂ ಅನ್ನಿಸಿತು. ಕರ್ಚೀಫಿನಲ್ಲಿ ಸುತ್ತಿ ಮನೆಗೆ ತಂದೆ.

ಮನೆಯವರಿಗೆ ಹೇಳಿದೆ. ಅವರು ಕುರಿಗೆ ಔಷಧಿ ಕುಡಿಸುತ್ತಿದ್ದವರು ತಲೆಯೆತ್ತಿ, "ಈಗ ಹೇಳಿ ಏನು ಮಾಡ್ತಿ? ರೇಖಾ ಅದಾಳೆ, ಸುಮ್ನೆ ರಂಪ ಆಗ್ತೈತೆ" ಎಂದರು. ನನಗೆ ಬೇಕಾಗಿದ್ದೂ ಅದೇ ಮಾತು. ತಪ್ಪನ್ನು ಒಪ್ಪಿಕೊಳ್ಳದೆ ಸರಿಮಾಡುವ ಉಪಾಯವೊಂದು ಹೊಳೆಯಿತು. ಅತ್ತೆ ಹಿತ್ತಲಿಗೆ ಹೋದಾಗ ಟ್ರಂಕು ತೆಗೆದು ಸೂಜಿಯನ್ನು ಗಿಟುಕಿಗೆ ಚುಚ್ಚಿದೆ. ಮರುದಿನ ಭಾನುವಾರ, ಏನೂ ತಿಳಿಯದವಳ ಹಾಗೆ, "ಅತ್ತೆ, ಗಿಟುಕಲ್ಲಿ ಇನ್ನೊಂದ್ಸಲ ಎಣಿಸಿ ನೋಡ್ಬಾರ್ದಾ? ಅವತ್ತು ಗಡಿಬಿಡಿ ಇತ್ತು" ಎಂದೆ.

ಅವರು ನಗುತ್ತಾರೆ, ಇಲ್ಲೇ ಐತಲ್ಲೇ ಎಂದು ಕೂಗುತ್ತಾರೆ, ಅಯಸ್ಕಾಂತ ಮೂಲೆ ಸೇರುತ್ತದೆ, ಕೌದಿ ಮತ್ತೆ ಶುರುವಾಗುತ್ತದೆ. ಇಷ್ಟನ್ನೂ ನಾನು ಮನಸ್ಸಿನಲ್ಲೇ ನೋಡಿಯಾಗಿತ್ತು.

ಅತ್ತೆ ಗಿಟುಕು ತಂದು ಬಾಗಿಲ ಬೆಳಕಿಗೆ ಕುಳಿತರು. ಬೆರಳಾಡಿಸಿದರು. ನಿಲ್ಲಿಸಿದರು. ಒಂದೊಂದೇ ಸೂಜಿ ಕಿತ್ತು ತೊಡೆಯ ಮೇಲೆ ಸಾಲಾಗಿ ಇಟ್ಟುಕೊಂಡು ಎಣಿಸಿದರು.

"ಸುಮಾ, ನೀನು ಎಣಿಸವ್ವ."

"ಐದು ಅದಾವೆ ಅತ್ತೆ."

"ಐದು ಅಂತೀಯಾ?"

"ಹೂಂ. ಐದೇ."

ನಗಲಿಲ್ಲ. ಸೂಜಿಗಳನ್ನು ಒಂದೊಂದಾಗಿ ಗಿಟುಕಿಗೆ ಚುಚ್ಚಿದರು. ಐದನೆಯದನ್ನು ಚುಚ್ಚಿ ಮತ್ತೊಮ್ಮೆ ಬೆರಳಾಡಿಸಿದರು.

"ಹಂಗಾದ್ರೆ ನನಗೆ ಐದು ಎಣಿಸಾಕೂ ಬರ್ಲಿಲ್ಲ" ಎಂದರು. "ಅಷ್ಟು ಜನದ ಮುಂದೆ. ಇದ್ದ ಸೂಜಿ ಇಲ್ಲ ಅಂತ ಕೂಸಿನ ಕೌದಿ ಹರಿದು ಹಾಕ್ದೆ ನಾನು. ನನ್ನ ತಲಿ ಹೋತು ಸುಮಾ."

ಆಗ ಹೇಳಬೇಕಿತ್ತು. ಅವರ ಮೊಣಕಾಲಿಗೆ ತಾಗಿಕೊಂಡೇ ಕುಳಿತಿದ್ದೆ, ಮನೆಯಲ್ಲಿ ಬೇರೆ ಯಾರೂ ಎದ್ದಿರಲಿಲ್ಲ. ನಾನು ಹೇಳಿದ್ದು, "ಬಿಡ್ರಿ ಅತ್ತೆ, ಎಲ್ರಿಗೂ ಆಗ್ತೈತೆ" ಎಂದು. ನನ್ನ ಜೀವನದಲ್ಲಿ ಅದಕ್ಕಿಂತ ಹೇಸಿಗೆಯ ಮಾತನ್ನು ನಾನು ಆಡಿಲ್ಲ.

ಸೂಜಿ ಕೌದಿಯಲ್ಲಿ ಕಳೆದಿದೆ ಎನ್ನುವವರೆಗೆ ಅತ್ತೆಗೆ ಕಣ್ಣಿನ ಮೇಲಷ್ಟೇ ಅನುಮಾನವಿತ್ತು. ಈಗ ತಮ್ಮ ಮೇಲೇ ಅನುಮಾನ ಬಂತು. ಮಾರನೇ ದಿನ ಕೂಸಿಗೆ ಎರೆಯುವ ಮುಂಚೆ, "ರೇಖಾ, ನೀರು ಮುಟ್ಟಿ ನೋಡು, ಬಿಸಿ ಹೆಚ್ಚೈತೇನೋ" ಎಂದರು. ವಾರದೊಳಗೆ ಎರೆಯುವುದನ್ನೇ ಬಿಟ್ಟರು, ಪಕ್ಕದ ಬೀದಿಯ ಹೆಂಗಸು ಬರತೊಡಗಿದಳು. ಸಾರಿಗೆ ಉಪ್ಪು ಹಾಕಿ, ಹಾಕಿದೆನೋ ಇಲ್ಲವೋ ಎಂದು ನನ್ನನ್ನು ಕೇಳುವರು. ಸಂಜೆ ಕುರಿ ಬಂದಾಗ ಎಣಿಸುತ್ತಿರಲಿಲ್ಲ. "ನೀನೇ ನೋಡಪ್ಪ" ಎಂದು ಮಗನಿಗೆ ಹೇಳಿ ಒಳಗೆ ಹೋಗುವರು. ಕೂಸು ಅತ್ತರೆ ಎತ್ತಿಕೊಳ್ಳಲು ಕೈ ಚಾಚಿ, ಹಾಗೇ ಹಿಂದಕ್ಕೆ ತೆಗೆದುಕೊಂಡು ರೇಖಾಳನ್ನು ಕೂಗುವರು. ಕೌದಿ ಮತ್ತೆ ಹೊಲಿಯೋಣವೇ ಎಂದು ಒಂದು ಸಲ ಕೇಳಿದೆ. "ಯಾರ ಕೂಸಿಗವ್ವ?" ಎಂದರು.

ಮೆಕ್ಕೆಜೋಳ ಮುರಿದು ಕಣಕ್ಕೆ ಬಂದಾಗ, ಕೂಸಿಗೆ ಐದು ತಿಂಗಳು ನಡೆಯುವಾಗ, ರೇಖಾ ಸೊರಬಕ್ಕೆ ಹೊರಟಳು. ತೊಟ್ಟಿಲು, ಬೆಳ್ಳಿ ಕಡಗ, ಸೀರೆ, ಎಲ್ಲ ಹೋಯಿತು, ಕೌದಿ ಇರಲಿಲ್ಲ. ಕಾರಿನ ಹತ್ತಿರ ರೇಖಾ ಕೂಸನ್ನು ಅವರ ಮುಂದೆ ಹಿಡಿದಳು. ಅತ್ತೆ ಅದರ ಪಾದವನ್ನು ಎರಡು ಬೆರಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಎತ್ತಿಕೊಳ್ಳಲಿಲ್ಲ.

ಆಮೇಲೆ ಎರಡು ವರ್ಷ ಬದುಕಿದ್ದರು. ತಲೆಗೆ ಏನೂ ಆಗಿರಲಿಲ್ಲ. ಯಾವ ಹೊಲಕ್ಕೆ ಯಾವ ವರ್ಷ ಏನು ಬಿತ್ತಿದ್ದು ಎಂದು ತಪ್ಪದೆ ಹೇಳುತ್ತಿದ್ದರು. ಆದರೆ ಒಲೆ ಆರಿಸಿದೆನಾ ನೋಡು, ಬಾಗಿಲು ಹಾಕಿದೆನಾ ನೋಡು ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು. ಪ್ರತಿಸಲ ನೋಡಿ ಬಂದು, "ಹಾಕೀರಿ ಅತ್ತೆ" ಎನ್ನುತ್ತಿದ್ದೆ. ಅಷ್ಟು ಸಲ ಬಾಯಿ ತೆರೆದವಳು ಇನ್ನೊಂದು ವಾಕ್ಯ ಸೇರಿಸಬಹುದಿತ್ತು. ಈ ಹಬ್ಬ ಕಳೆಯಲಿ, ಆ ಪರೀಕ್ಷೆ ಮುಗಿಯಲಿ ಎಂದು ದಿನ ತಳ್ಳಿದೆ. ಒಂದು ಚಳಿಗಾಲ ಜ್ವರ ಬಂತು, ನಾಲ್ಕೇ ದಿನಕ್ಕೆ ಹೋಗಿಬಿಟ್ಟರು.

ಈಗ ಟ್ರಂಕಿನ ಗಂಟು ಬಿಚ್ಚಿದರೆ ಎಲ್ಲ ಚೂರುಗಳ ಮೇಲೂ ಹಳೇ ಹೊಲಿಗೆಯ ತೂತುಗಳು ಸಾಲಾಗಿ ಹಾಗೇ ಇದ್ದವು. ಅವೇ ತೂತುಗಳನ್ನು ಹಿಡಿದು ಹೊಲಿದೆ. ಅವರ ಟಾಕು ಎಷ್ಟು ಸಣ್ಣದಿತ್ತು ಎಂದು ಆಗ ತಿಳಿಯಿತು. ಅವರು ಒಂದು ಕಣ್ಣಲ್ಲಿ ಹತ್ತು ದಿನಕ್ಕೆ ಮಾಡಿದ್ದಕ್ಕೆ ಎರಡು ಕಣ್ಣು, ಕನ್ನಡಕವಿದ್ದೂ ನನಗೆ ಇಪ್ಪತ್ತೈದು ದಿನ ಬೇಕಾಯಿತು. ಮಾವನ ಪಂಚೆ, ಕಂದು ಸೀರೆ, ಹಸಿರು ಸೀರೆ, ನೀಲಿ ಲಂಗ. ನಡುವಿಗೆ ನಾಲ್ಕು ಕಾಳು ಅಕ್ಕಿ. ಮುಗಿದಾಗ ಗಿಟುಕು ಹಿಡಿದು ಎಣಿಸಿದೆ. ಎದುರಿಗೆ ಯಾರೂ ಇರಲಿಲ್ಲ.

ಮೊನ್ನೆ ಭಾನುವಾರ ಸೊರಬಕ್ಕೆ ಹೋದೆ. ಸಣ್ಣಗೆ ಮಳೆ ಬರುತ್ತಿತ್ತು. ರೇಖಾ ಕೌದಿ ಬಿಡಿಸಿ ನೋಡಿದವಳೇ, "ಇದು ನನ್ನ ಸ್ಕೂಲ್ ಲಂಗ ಅಲ್ವಾ ಅತ್ತಿಗೆ?" ಎಂದು ಕಣ್ಣು ತುಂಬಿಕೊಂಡು ನಕ್ಕಳು. "ಅವ್ವನ ಕೌದಿ!"

ಆ ನಗುವನ್ನು ನೋಡಿಯೂ ಹೇಳಿದೆ. ಹುಕ್ಕಿನಿಂದ ಹಿಡಿದು ಐದನೇ ಸೂಜಿಯವರೆಗೆ, ಏನೂ ಬಿಡದೆ. ಮುಗಿದ ಮೇಲೆ ಅವಳು ಕೌದಿಯ ಅಂಚನ್ನು ಬೆರಳಲ್ಲಿ ಸುರುಳಿ ಸುತ್ತಿದಳು.

"ಆಮೇಲೆ ಎರಡು ವರ್ಷ ಇದ್ಲಲ್ಲ ಅತ್ತಿಗೆ, ಅವ್ವ" ಎಂದಳು. "ನನಗ್ಯಾಕೆ ಹೇಳ್ತೀರಿ ಈಗ?"

ನನ್ನ ಕೈ ಚೀಲದೊಳಗಿನ ಗಿಟುಕಿಗೆ ಹೋಯಿತು.

"ಎರೆಯೋದು ಅವ್ವ ತಾನೇ ಬಿಟ್ಟಿದ್ದು ಅಂದ್ಕೊಂಡಿದೀರಿ ನೀವು. ಬ್ಯಾಡ ಅಂತ ಹೇಳಿದ್ದು ನಾನು. ಕೂಸನ್ನ ಕಾಲ ಮೇಲಿಂದ ಜಾರಿಸ್ತೀಯ, ನಿನಗೆ ತಲಿ ಸರಿ ಇಲ್ಲ ಅಂದಿದ್ದೆ. ಆಯ್ತವ್ವ ಅಂತ ಎದ್ದು ಹೋದ್ಲು."

ಒಳಗೆ ಕೂಸು ಎದ್ದು ಅಳತೊಡಗಿತು. ರೇಖಾ ಹೋಗಿ ಎತ್ತಿಕೊಂಡು ಬಂದಳು. ಮಂಚದ ಮೇಲೆ ಕೌದಿ ಹಾಸಿದಳು. ಆದರೆ ಕೂಸನ್ನು ಅದರ ಮೇಲೆ ಹಾಕಲಿಲ್ಲ. ಎಡಗೈಯಲ್ಲಿ ಕೂಸನ್ನು ಹೆಗಲಿಗೆ ಹಾಕಿಕೊಂಡು, ಮಂಡಿಯೂರಿ, ಬಲಗೈಯ ಅಂಗೈಯಿಂದ ಒಂದು ಮೂಲೆಯಿಂದ ಗೇಣು ಗೇಣಾಗಿ ಒತ್ತಿ ನೋಡತೊಡಗಿದಳು.

ನಾನು ಚೀಲದಿಂದ ಗಿಟುಕು ತೆಗೆದು ಅವಳ ಮುಂದೆ ಹಿಡಿದೆ. "ಐದೂ ಅದಾವೆ ರೇಖಾ. ಎಣಿಸಿ ತಂದೀನಿ. ನೀನೇ ನೋಡು ಬೇಕಾದ್ರೆ."

ಅವಳು ಗಿಟುಕಿನ ಕಡೆ ತಿರುಗಲಿಲ್ಲ. ಅಂಗೈ ನಡುವಿಗೆ ಬಂದು ಅಕ್ಕಿಕಾಳುಗಳ ಮೇಲೆ ನಿಂತಿತು. ಅಲ್ಲಿ ಬೆರಳಿಟ್ಟು ಒಂದು, ಎರಡು, ಮೂರು, ನಾಲ್ಕು ಎಂದು ಮೆಲ್ಲಗೆ ಎಣಿಸಿದಳು. ಆಮೇಲೆ ಮತ್ತೆ ಮೊದಲ ಮೂಲೆಗೆ ಹೋಗಿ, ಮೊದಲಿನಿಂದ ಒತ್ತಿ ನೋಡಲು ಶುರುಮಾಡಿದಳು.